ಕುಮುದಳಿಗೆ ವಾಚು ಕಟ್ಟಿದ್ದು

ನಮ್ಮ ಮನೆಯಲ್ಲಿ ಇರುವುದು ನಾಲ್ಕು ಜನ, ಒಲೆ ಹಚ್ಚುವುದು ದಿನಕ್ಕೆ ಏಳು ಸಲ. ಈಗ ಇದನ್ನು ಬರೆಯುವಾಗಲೂ ಪಕ್ಕದಲ್ಲಿ ಅನ್ನ ಬೇಯುತ್ತಿದೆ. ಅದು ಯಾರ ಊಟ, ಬೆಳಗಿನದೋ ಮಧ್ಯಾಹ್ನದ್ದೋ ಎಂದು ಕೇಳಿದರೆ ಉತ್ತರ ಹೇಳುವಷ್ಟರಲ್ಲಿ ಅನ್ನ ತಳ ಹಿಡಿಯುತ್ತದೆ.

ನನ್ನ ಕೈಯಲ್ಲಿರುವುದು ಜಪಾನಿನ ವಾಚು. ನನ್ನ ಗಂಡ ಮಹಲಿಂಗಯ್ಯನವರದು ಸ್ವಿಟ್ಜರ್ಲೆಂಡಿನದು. ಅತ್ತೆಯದು ನಮ್ಮ ದೇಶದ್ದೇ, ಎಂದೋ ಬಾಗಿಲು ಹಾಕಿದ ಕಾರ್ಖಾನೆಯೊಂದರಲ್ಲಿ ತಯಾರಾದ, ದಿನಾ ಕೀ ಕೊಡಬೇಕಾದ ವಾಚು. ವಾಚಿನ ಒಳಗಿನ ಮಷೀನು ಯಾವ ದೇಶದಲ್ಲಿ ಹುಟ್ಟಿತೋ ಆ ದೇಶದ ಗಂಟೆಗೆ ನಮಗೆ ಹಸಿವು, ಆ ದೇಶದ ಗಂಟೆಗೆ ನಿದ್ದೆ. ಮುಳ್ಳು ತಿರುಗಿಸಿ ನೋಡಿದವರು ಬೇಕಾದಷ್ಟು ಜನ ಇದ್ದಾರೆ. ತಿರುಗಿಸಿ ಕೈ ತೆಗೆಯುವಷ್ಟರಲ್ಲಿ ಅದು ತನ್ನ ಜಾಗಕ್ಕೆ ಹೋಗಿ ಕೂತಿರುತ್ತದೆ. ಹನ್ನೆರಡು ತುಂಬಿದಾಗ ಒಂದು ಸಲ ಕಟ್ಟಿದರೆ ಮುಗಿಯಿತು. ಬೆಲ್ಟು ಬದಲಾಯಿಸಬಹುದು, ಸೆಲ್ಲು ಹಾಕಿಸಬಹುದು, ವಾಚು ಮಾತ್ರ ಸಾಯುವ ತನಕ ಅದೇ.

ಅತ್ತೆಯ ಗಂಟೆಗೂ ಸೂರ್ಯನಿಗೂ ಜಗಳವಿಲ್ಲ. ಆದ್ದರಿಂದ ಲೆಕ್ಕವನ್ನೆಲ್ಲ ಅತ್ತೆಯ ಗಂಟೆಯಲ್ಲೇ ಹೇಳುತ್ತೇನೆ. ನಾನು ಏಳುವುದು ರಾತ್ರಿ ಒಂದೂವರೆಗೆ. ಆಗ ಜಪಾನಿನಲ್ಲಿ ಬೆಳಿಗ್ಗೆ ಐದು. ಸಂಜೆ ಆರೂವರೆಯಾಯಿತೆಂದರೆ ನನ್ನ ಕಣ್ಣು ನನ್ನ ಮಾತು ಕೇಳುವುದಿಲ್ಲ, ಸೌಟು ಹಿಡಿದುಕೊಂಡೇ ನಿದ್ದೆ ಹೋಗಿದ್ದೂ ಇದೆ. ಇವರು ಏಳುವುದು ಬೆಳಿಗ್ಗೆ ಒಂಬತ್ತೂವರೆಗೆ, ಮಲಗುವುದು ರಾತ್ರಿ ಎರಡೂವರೆಗೆ. ನಾನು ಎದ್ದು ಮಜ್ಜಿಗೆ ಕಡೆಯುವಾಗ ಇವರು ಆಕಳಿಸುತ್ತಾ ಬಂದು, "ಇನ್ನೂ ಎದ್ದಿದ್ದೀಯಾ?" ಎಂದು ಕೇಳುತ್ತಾರೆ. ಹದಿನೈದು ವರ್ಷದಿಂದ ಅದೇ ಪ್ರಶ್ನೆ. "ಈಗ ಎದ್ದೆ ರೀ" ಎಂದು ಹದಿನೈದು ವರ್ಷದಿಂದ ಅದೇ ಉತ್ತರ. ಸಾಲದ್ದಕ್ಕೆ ಆ ಸ್ವಿಟ್ಜರ್ಲೆಂಡಿನವರು ವರ್ಷಕ್ಕೆರಡು ಸಲ ಗಂಟೆಯನ್ನೇ ಹಿಂದೆ ಮುಂದೆ ಮಾಡುತ್ತಾರೆ. ಅವರಿಗೆ ಬಿಸಿಲು ಸಾಲದಂತೆ. ಅವರಿಗೆ ಬಿಸಿಲು ಸಾಲದಿದ್ದರೆ ನನ್ನ ಮನೆಯ ಸಾರು ಒಂದು ಗಂಟೆ ಯಾಕೆ ಕಾಯಬೇಕು?

ಮದುವೆಗೆ ಮುಂಚೆ ನಮ್ಮಪ್ಪನಿಗೆ ಇದೆಲ್ಲ ಗೊತ್ತಿತ್ತು. "ಏಳು ಗಂಟೆ ವ್ಯತ್ಯಾಸ ಏನು ಮಹಾ, ಹೊಂದಿಕೊಂಡು ಹೋದ್ರಾಯ್ತು" ಎಂದಿದ್ದರು. ಹೊಂದಿಕೊಂಡವಳು ನಾನು. ನಲ್ಲಿ ನೀರು ಬಿಡುವ ಈರಪ್ಪನದು ಹಾಂಗ್‌ಕಾಂಗ್ ವಾಚು. ಅವನ ಬೆಳಗಿನ ಆರು ಅಂದರೆ ಇಲ್ಲಿ ಮೂರೂವರೆ. ಆ ಹೊತ್ತಿಗೆ ಬೀದಿಯಲ್ಲಿ ಎಚ್ಚರ ಇರುವವಳು ನಾನೊಬ್ಬಳೇ ಆದ್ದರಿಂದ ಎಂಟು ಮನೆಯ ಕೊಡಗಳು ಹಿಂದಿನ ದಿನವೇ ನನ್ನ ಜಗಲಿಗೆ ಬಂದು ಸಾಲಾಗಿ ಕೂರುತ್ತವೆ. "ಹೈಮಕ್ಕ ಹೇಗೂ ಎದ್ದಿರ್ತಾರಲ್ಲ" ಎಂಬುದು ಬೀದಿಯ ಮಾತು. ಪಕ್ಕದ ಮನೆಯ ಗುರುಪಾದಪ್ಪನವರ ವಾಚಿನ ಸೆಲ್ಲು ಒಮ್ಮೆ ಊಟದ ಹೊತ್ತಿಗೇ ಮುಗಿದುಹೋಯಿತು. ಹೊಸ ಸೆಲ್ಲು ಬರುವ ತನಕ ಎರಡು ದಿನ ಆ ಮನುಷ್ಯ ಎಲೆಯ ಮುಂದಿನಿಂದ ಎದ್ದಿಲ್ಲ. ಅವರ ಮನೆಯ ಅಕ್ಕಿ ಮುಗಿದ ಮೇಲೆ ಅನ್ನ ಮಾಡಿ ಕಳಿಸಿದವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲದರ ನಡುವೆ ನನ್ನದು ಅಂತ ಇದ್ದದ್ದು ಮಗಳು ಕುಮುದ. ಹನ್ನೆರಡು ವರ್ಷ ತುಂಬುವ ತನಕ ಮಕ್ಕಳು ತಾಯಿಯ ಗಂಟೆಯಲ್ಲೇ ಇರುತ್ತಾರೆ. ಒಂದೂವರೆಗೆ ನಾನು ಎದ್ದರೆ ಅವಳೂ ಏಳುತ್ತಿದ್ದಳು. ಇವರು ಮಲಗಿದ ಮೇಲೆ, ಅತ್ತೆ ಏಳುವ ಮುಂಚೆ, ಊರೆಲ್ಲ ನಮ್ಮಿಬ್ಬರದೇ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತು ಹಾಲು ಕುಡಿಯುತ್ತಾ ಶಾಲೆಯ ಸುದ್ದಿ ಹೇಳುವಳು. ನಾನು ತರಕಾರಿ ಹೆಚ್ಚುತ್ತಾ ಹೂಂಗುಟ್ಟುವೆ. ಶಾಲೆಯಲ್ಲಿ ಮೂರು ಪಾಳಿ. ಅವಳದು ಮೂಡಣ ಪಾಳಿ, ಬೆಳಕು ಹರಿಯುವಾಗ ಹೋದವಳು ಹನ್ನೊಂದೂವರೆಗೆಲ್ಲ ಮನೆಯಲ್ಲಿ. ಆಮೇಲೆ ಸಂಜೆ ಆರೂವರೆಗೆ ಇಬ್ಬರೂ ಒಟ್ಟಿಗೆ ಮಲಗುವ ತನಕ ನನ್ನ ಸೆರಗಿನ ಹಿಂದೆಯೇ.

ಈ ವರ್ಷ ಅವಳಿಗೆ ಹನ್ನೆರಡು ತುಂಬಿತು.

ಕಟ್ಟುವ ದಿನಕ್ಕೆ ಹದಿನೈದು ದಿನ ಮುಂಚೆ ಇವರ ಅಣ್ಣ ರುದ್ರಮೂರ್ತಿ ಭಾವ ಮನೆಗೆ ಬಂದರು. ಭಾವನದು ಪೇಟೆಯಲ್ಲಿ ವಾಚಿನ ಅಂಗಡಿ. ಆ ಅಂಗಡಿಯಲ್ಲಿ ಮಾರಾಟವಾಗದ ವಾಚುಗಳೆಲ್ಲ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತಿರುತ್ತವೆ. ಎಲ್ಲರಿಗೂ ಒಂದೇ ಗಂಟೆಯಾಗಿರುವ ಜಾಗ ಇಡೀ ಊರಿನಲ್ಲಿ ಅದೊಂದೇ. ಭಾವ ಬಂದವರೇ ಎಲೆಯ ಮುಂದೆ ಕೂತು ಜೇಬಿನಿಂದ ಡಬ್ಬಿ ತೆಗೆದರು. ಒಳಗೆ ನೀಲಿ ಡಯಲ್ಲಿನ ಸಣ್ಣ ವಾಚು.

"ಸ್ವಿಸ್" ಎಂದರು. "ಅಸಲಿ."

ಕುಮುದ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ ದೊಡ್ಡಪ್ಪ!" ಎಂದಳು.

ನಾನು, "ಜಪಾನಿಂದು ಒಂದು ನೋಡಬಹುದಿತ್ತೇನೋ ಭಾವ" ಎಂದೆ. ಅಷ್ಟೇ ಅಂದದ್ದು. ಭಾವನಿಗೆ ಅಷ್ಟು ಸಾಕಾಯಿತು. ಪ್ರಪಂಚದ ಕೈಗಡಿಯಾರ ಉದ್ಯಮದ ಬಗ್ಗೆ ನನಗೆ ಸರಿಯಾದ ತಿಳುವಳಿಕೆ ಇಲ್ಲ ಎಂದು ಅವರಿಗೆ ಅನ್ನಿಸಿತು. ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲ ಮುಗಿಯುವ ತನಕ ತಿಳುವಳಿಕೆ ಕೊಟ್ಟರು.

"ನೋಡು ಹೈಮ, ಪ್ರಪಂಚದಲ್ಲಿ ವರ್ಷಕ್ಕೆ ನೂರು ಕೋಟಿ ವಾಚು ತಯಾರಾಗುತ್ತೆ ಅಂತಿಟ್ಕೋ. ಅದರಲ್ಲಿ ಸ್ವಿಸ್ ಎಷ್ಟು? ಎರಡು ಕೋಟಿನೂ ಇಲ್ಲ. ಆದ್ರೆ ದುಡ್ಡು ತಗೋ, ಹತ್ತಿರ ಹತ್ತಿರ ಅರ್ಧ ಅವರದ್ದೇ!"

"ಅಂದ್ರೆ ಕೆಲಸ ಮಾಡೋರೆಲ್ಲ ಒಂದು ಕಡೆ, ಜಂಬ ಎಲ್ಲ ಇನ್ನೊಂದು ಕಡೆ" ಎಂದರು ಅತ್ತೆ, ಗೋಡೆಗೆ ಒರಗಿಕೊಂಡು. "ಈ ಮನೆ ಥರ."

"ಅಮ್ಮ, ನಿನಗೆ ಗೊತ್ತಾಗಲ್ಲ ಸುಮ್ನಿರು. ಮೊದಲು ಗಂಡಸರು ಕೈಗೆ ವಾಚು ಕಟ್ತಾನೇ ಇರಲಿಲ್ಲ. ಜೇಬಲ್ಲಿ ಸರಪಳಿ ಹಾಕಿ ಇಟ್ಕೊಳ್ಳೋರು. ಕೈಗೆ ಕಟ್ಟಿದ್ರೆ ಹೆಂಗಸರ ಬಳೆ ಅಂತ ನಗೋರು. ಮೊದಲನೇ ಮಹಾಯುದ್ಧ ಬಂತು ನೋಡು, ಕೈತುಂಬಾ ಬಂದೂಕು ಇಟ್ಕೊಂಡು ಜೇಬಿಗೆ ಕೈ ಹಾಕೋಕೆ ಪುರುಸೊತ್ತೆಲ್ಲಿ? ಆಗ ಕೈಗೆ ಬಂತು."

"ಕೈತುಂಬಾ ಕೆಲಸ ಇದ್ದಾಗ್ಲೇ ಗಂಡಸರಿಗೆ ಬುದ್ಧಿ ಬರೋದು" ಎಂದರು ಅತ್ತೆ.

ಭಾವ ಇನ್ನೊಂದು ಸಲ ಸಾರು ಹಾಕಿಸಿಕೊಂಡರು. "ಸ್ವಿಸ್‌ನೋರು ಚೆನ್ನಾಗೇ ಇದ್ರು. ಐವತ್ತೈದು ವರ್ಷದ ಹಿಂದೆ ಜಪಾನಿನೋರು ವಾಚಿನೊಳಗೆ ಒಂದು ಸೆಲ್ಲು ಇಟ್ರು. ಕೀ ಬೇಡ, ಏನು ಬೇಡ, ಗಂಟೆ ತಪ್ಪೋ ಹಾಗೇ ಇಲ್ಲ. ಹದಿನೈದು ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಕೆಲಸಗಾರರು ಮೂರರಲ್ಲಿ ಎರಡು ಪಾಲು ಮನೆಗೆ!" ಎಂದು ನನ್ನ ಮಣಿಕಟ್ಟನ್ನು ನೋಡಿದರು. ಆ ಸೆಲ್ಲನ್ನು ನಾನೇ ಇಟ್ಟ ಹಾಗಿತ್ತು ಆ ನೋಟ. "ಆದ್ರೂ ಎದ್ದು ನಿಂತ್ರು. ಗಂಟೆ ನೋಡೋಕೆ ಅಲ್ಲ, ಅಂತಸ್ತು ತೋರಿಸೋಕೆ ವಾಚು ಕಟ್ಟಿ ಅಂದ್ರು. ಈಗ ಫೋನಿನ ಕಂಪನಿಯೋರು ವಾಚು ಮಾಡ್ತಾರೆ, ಇಡೀ ಸ್ವಿಟ್ಜರ್ಲೆಂಡಿಗಿಂತ ಜಾಸ್ತಿ ಮಾರ್ತಾರೆ. ಏನು ಪ್ರಯೋಜನ? ಅದಕ್ಕೊಂದು ಸ್ವಂತ ಗಂಟೆ ಅಂತ ಇದೆಯಾ?"

ಇದೊಂದು ಮಾತು ನಿಜ. ಕೆಳಬೀದಿಯ ಒಬ್ಬಳು ಅದನ್ನು ಕಟ್ಟಿಕೊಂಡು ಮೂರು ವರ್ಷವಾಯಿತು. ಮಲಗಿದ್ದನ್ನು ಕಂಡವರಿಲ್ಲ, ಉಂಡದ್ದನ್ನು ಕಂಡವರಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಇವತ್ತು ಎಷ್ಟು ಹೆಜ್ಜೆ ನಡೆದೆ ಎಂದು ಮಾತ್ರ ಹೇಳುತ್ತಾಳೆ.

"ಮತ್ತೆ ಚೀನಾ ಇದೆ" ಎಂದರು ಭಾವ. "ಬಿಡಿಭಾಗ ಎಲ್ಲ ಅಲ್ಲೇ. ಗಾಜು ಒಂದೂರು, ಮುಳ್ಳು ಒಂದೂರು, ಬೆಲ್ಟು ಇನ್ನೊಂದೂರು. ಸ್ವಿಸ್‌ನೋರೂ ತರಿಸ್ತಾರೆ, ಸುಳ್ಳು ಹೇಳಲ್ಲ ನಾನು. ನೂರಕ್ಕೆ ಅರವತ್ತು ಪಾಲು ಖರ್ಚು ಅವರ ದೇಶದಲ್ಲಿ ಆಗಿದ್ರೆ ಸ್ವಿಸ್ ಅಂತ ಹೆಸರು ಹಾಕ್ಬಹುದು. ಅದು ಕಾನೂನು."

"ಉಳಿದ ನಲವತ್ತು ಯಾರ ಮಗು?" ಎಂದರು ಅತ್ತೆ.

ನಾನು ಮಜ್ಜಿಗೆ ಬಡಿಸುತ್ತಿದ್ದವಳು ನಿಂತೆ. ಕೆಟ್ಟ ಯೋಚನೆಯೊಂದು ಬಂದದ್ದು ಆಗಲೇ.

ಭಾವ ಹೋದ ಮೇಲೆ ಇವರಿಗೆ ನೇರವಾಗಿ ಹೇಳಿದೆ. "ರೀ, ಅವಳಿಗೆ ಸ್ವಿಸ್ ಕಟ್ಟಿದ್ರೆ ನನಗೆ ಅವಳು ಸಿಗೋದು ದಿನಕ್ಕೆ ಮೂರು ಗಂಟೆ. ಒಂಬತ್ತೂವರೆಗೆ ಏಳ್ತಾಳೆ, ಹನ್ನೆರಡೂವರೆಗೆ ಪಡುವಣ ಪಾಳಿಗೆ ಹೋಗ್ತಾಳೆ. ಶಾಲೆ ಬಿಡೋ ಹೊತ್ತಿಗೆ ನನಗೆ ನಿದ್ದೆ, ನಾನು ಏಳೋ ಹೊತ್ತಿಗೆ ಅವಳಿಗೆ ನಿದ್ದೆ. ಸ್ನಾನ, ಜಡೆ, ಊಟ, ಮುಗೀತು."

ಇವರು ವಾಚಿನ ಡಬ್ಬಿ ಮುಚ್ಚಿದರು. ಜೋರು ಮಾತಾಡುವ ಜನ ಅಲ್ಲ. "ನನಗೆ ಹನ್ನೆರಡು ವರ್ಷದಿಂದ ಸಿಕ್ಕಿದ್ದೂ ಅಷ್ಟೇ ಅಲ್ವಾ ಹೈಮ?" ಎಂದರು. "ಕೆಲಸದಿಂದ ಮನೆಗೆ ಬಂದಾಗ್ಲೆಲ್ಲ ಅವಳು ಮಲಗಿರ್ತಾಳೆ. ನಾನು ಆ ಮಗು ಮುಖ ನೋಡಿದ್ದಕ್ಕಿಂತ ಹೊದಿಕೆ ನೋಡಿದ್ದೇ ಜಾಸ್ತಿ. ಇನ್ನು ಸ್ವಲ್ಪ ನನ್ನ ಕಡೆಗೂ ಇರ್ಲಿ."

ಇವರು ಹೀಗೆಯೇ. ಅಪರೂಪಕ್ಕೆ ಒಂದು ಮಾತಾಡುತ್ತಾರೆ, ಅದು ನ್ಯಾಯವಾಗಿರುತ್ತದೆ. ಅನ್ಯಾಯದ ಮಾತಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ನ್ಯಾಯದ ಮಾತಿಗೆ ಏನು ಮಾಡುವುದು? ಹೋಗಿ ಪಾತ್ರೆ ತೊಳೆದೆ.

ಕಟ್ಟುವುದು ಭಾನುವಾರ ಎಂದು ನಿಶ್ಚಯವಾಯಿತು. ಶುಕ್ರವಾರ ನಾನು ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಸೀದಿ ಓಣಿಯ ಜೈಬಕ್ಕನ ಅಂಗಡಿಗೆ ಹೋದೆ. ಜೈಬಕ್ಕ ವಾಚು ರಿಪೇರಿ ಮಾಡುವವಳು. ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಒಂದು ದುಂಡು ಗಾಜು, ಇಷ್ಟೇ ಅವಳ ಅಂಗಡಿ. ಅವಳ ಕೈಯಲ್ಲೂ ಹಾಂಗ್‌ಕಾಂಗ್ ವಾಚು. ನನಗಿಂತ ಒಂದು ಗಂಟೆ ಹಿಂದೆ.

"ಜೈಬಕ್ಕ, ಅರವತ್ತು ಪಾಲು ಸ್ವಿಸ್ ಇದ್ರೆ ಸ್ವಿಸ್ ಅಂತೆ. ಹೊರಗಿನದ್ದೆಲ್ಲ ಹಾಗೇ ಇರ್ಲಿ, ಒಳಗಿನ ಮಷೀನು ಮಾತ್ರ ಜಪಾನಿಂದು ಹಾಕಿದ್ರೆ?"

ಅವಳು ಕಣ್ಣಿನ ಗಾಜು ತೆಗೆಯದೆಯೇ ನನ್ನನ್ನು ನೋಡಿದಳು. ಆ ಒಂದು ಕಣ್ಣು ನಿಂಬೆಹಣ್ಣಿನಷ್ಟಿತ್ತು. "ಮಷೀನೂ ಅವರದ್ದೇ ಇರಬೇಕು ಅಂತ ಅದೇ ಕಾನೂನಲ್ಲಿ ಇದೆ ಕಣವ್ವ. ನಿಮ್ಮ ಭಾವ ಅಷ್ಟು ದೂರ ಓದಿಲ್ಲ. ಇರ್ಲಿ, ಕಾನೂನು ಅಲ್ಲಿಂದು, ಅಂಗಡಿ ಇಲ್ಲಿಂದು. ಯಾರಿಗೆ? ಮಗಳಿಗಾ?"

"ಹೂಂ."

"ಈ ಮೇಜಿನ ಮುಂದೆ ನಿಂತು ಇದನ್ನ ಕೇಳಿದ ನಲವತ್ತನೆಯವಳೋ ನಲವತ್ತೊಂದನೆಯವಳೋ ನೀನು. ಮನೇಲಿ ಗೊತ್ತಾಗಲ್ವಾ? ಸಂಜೆ ಆರೂವರೆಗೇ ನಿದ್ದೆ ಬಂದ್ರೆ ಏನಂತೀಯಾ?"

"ಶೀತ ಪ್ರಕೃತಿ ಅಂತೀನಿ."

"ಮುಂದಿನ ಐವತ್ತು ವರ್ಷವೂ ಶೀತವಾ?" ಎಂದಳು. ಆದರೂ ಮಾಡಿಕೊಟ್ಟಳು. ಹಿಂದಿನ ಮುಚ್ಚಳ ತೆಗೆದು, ಸ್ವಿಸ್ ಮಷೀನನ್ನು ಚಿಮುಟದಲ್ಲಿ ಎತ್ತಿ ಒಂದು ಪುಟ್ಟ ತಗಡಿನ ಡಬ್ಬಿಗೆ ಹಾಕಿ, ಅದರ ಜಾಗದಲ್ಲಿ ಜಪಾನಿನದನ್ನು ಕೂರಿಸಿದಳು. ಮುಚ್ಚಳ ಹಾಕಿದ ಮೇಲೆ ನೋಡಿದರೆ ಅದೇ ನೀಲಿ ಡಯಲ್ಲು, ಅದೇ ಹೆಸರು. ನಾನು ಮನೆಗೆ ಬಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಏನೂ ಆಗದವಳಂತೆ ಹುಣಸೆಹಣ್ಣು ನೆನೆಹಾಕಿದೆ. ಹಗುರವಾಗಿತ್ತು. ಕಳ್ಳರಿಗೆ ಇಷ್ಟು ಹಗುರವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಸಂಜೆ ನಾಲ್ಕು ಗಂಟೆಗೆ ಕುಮುದಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಮರುದಿನ ಸಮಾರಂಭವಲ್ಲವೇ, ಸಿಕ್ಕು ಬಿಡಿಸಿ ಎಣ್ಣೆ ಹಾಕೋಣ ಎಂದು.

"ಅಮ್ಮ, ರಾತ್ರಿ ಎಂಟು ಗಂಟೆ ಹೇಗಿರುತ್ತೆ?" ಎಂದಳು.

"ಯಾರ ಎಂಟು?"

"ಅಜ್ಜಿಯ ಎಂಟು."

"ಕತ್ತಲೆ ಇರುತ್ತೆ."

"ಬರೀ ಕತ್ತಲೆ ಅಲ್ಲವಂತೆ. ಬೀದಿದೀಪ ಹತ್ತುವಾಗ ಮೊದಲು ನೇರಳೆ ಬಣ್ಣ ಇರುತ್ತಂತೆ, ಆಮೇಲೆ ಬೆಳ್ಳಗಾಗುತ್ತಂತೆ. ದೀಪದ ಕೆಳಗೆ ಎಲ್ಲರೂ ಖೋ ಖೋ ಆಡ್ತಾರೆ. ನಮ್ಮ ಬೀದಿಯ ಯಶೋಧರೆ ಹೇಳಿದ್ಲು. ನಾನು ಬೆಳಿಗ್ಗೆ ಶಾಲೆಗೆ ಹೋಗುವಾಗ ಬರೀ ಸುಣ್ಣದ ಗೆರೆ ನೋಡಿದ್ದೀನಿ." ಅವಳು ತಿರುಗಿ ಕೂತಳು. ಬಾಚಣಿಗೆ ಕೂದಲಿನಲ್ಲೇ ಉಳಿಯಿತು. "ಅವರು ಎಂಟು ಜನ ಇದ್ದಾರಮ್ಮ. ಖೋ ಖೋಗೆ ಒಂಬತ್ತು ಬೇಕು. ನನಗೆ ವಾಚು ಕಟ್ಟೋ ತನಕ ಬೇರೆ ಯಾರನ್ನೂ ಸೇರಿಸ್ಕೊಳ್ಳಲ್ಲ ಅಂತ ಒಂದು ವರ್ಷದಿಂದ ಜಾಗ ಇಟ್ಟಿದ್ದಾರೆ. ಅದಕ್ಕೇ ಅಪ್ಪನ ಥರದ ವಾಚು ಅಂದಾಗ ಎಷ್ಟು ಖುಷಿಯಾಯ್ತು ಗೊತ್ತಾ?"

"ನನ್ನ ಹತ್ರ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನಗೆ ಬೇಜಾರಾಗ್ತಿತ್ತು. ನೀನೂ ನೋಡಿಲ್ವಲ್ಲ."

ನಾನು ಕೊನೆಯ ಸಲ ರಾತ್ರಿ ಎಂಟು ಗಂಟೆ ನೋಡಿದ್ದು ಯಾವಾಗ ಎಂದು ಯೋಚಿಸಿದೆ. ನಮ್ಮಮ್ಮನದೂ ಜಪಾನಿನ ವಾಚು. ಹಾಗಾದರೆ ನೋಡಿಯೇ ಇಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಅದೊಂದು ಕೊರತೆ ಎಂದು ಹೊಳೆದೂ ಇರಲಿಲ್ಲ. ಈ ಹುಡುಗಿಗೆ ಹೊಳೆದಿದೆ. ಹೊಳೆದದ್ದನ್ನು ಒಂದು ವರ್ಷ ಬಾಯಿಬಿಡದೆ ಇಟ್ಟುಕೊಂಡು, ದಿನಾ ಕಟ್ಟೆಯ ಮೇಲೆ ಕೂತು, ಹಾಲು ಕುಡಿದು, ಬೇರೆಲ್ಲ ಸುದ್ದಿ ಹೇಳಿದ್ದಾಳೆ. ಈ ಹಾಳು ತಾಳ್ಮೆ ನನ್ನಿಂದಲೇ ಬಂದದ್ದಿರಬೇಕು.

ಅರ್ಧ ಜಡೆ ಅಲ್ಲೇ ಬಿಟ್ಟೆ. "ಅಜ್ಜಿ ಹತ್ರ ಹಾಕಿಸ್ಕೋ" ಎಂದು ಬೀರು ತೆಗೆದೆ.

ಹೊರಡುವಾಗ ಅತ್ತೆ, "ನಿನ್ನೆ ಹೋದ ಕಡೆಗೇ ಇವತ್ತೂನಾ?" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡೆ. "ಬೇಗ ಹೋಗು, ನಿದ್ದೆ ಬಂದೀತು" ಎಂದು ಅವರೇ ಬಾಗಿಲು ತೆಗೆದರು.

ಹೋಗುವಷ್ಟರಲ್ಲಿ ಐದೂಕಾಲು. ಜೈಬಕ್ಕ ಅಂಗಡಿಯ ಹಲಗೆ ಇಳಿಸುತ್ತಿದ್ದಳು.

"ಹಿಂದಕ್ಕೆ ಹಾಕಿಕೊಡು ಜೈಬಕ್ಕ. ಹಳೆಯದು ಇದೆ ತಾನೇ?"

"ಇದೆ. ಮೂರು ದಿನ ಯಾರಿಗೂ ಕೊಡಲ್ಲ ನಾನು, ತಾಯಂದಿರು ವಾಪಸ್ ಬರೋದುಂಟು. ಸೋಮವಾರ ಬಾ."

"ನಾಳೆ ಕಟ್ಟೋದು!"

"ಯಾ ಅಲ್ಲಾ" ಎಂದಳು. ಮತ್ತೆ ಹಲಗೆ ಏರಿಸಿ ದೀಪ ಹಾಕಿದಳು. "ಒಂದು ಗಂಟೆ ಕೆಲಸ. ದಿನವೆಲ್ಲ ಬಗ್ಗಿ ನನ್ನ ಕಣ್ಣು ಈಗಲೇ ಎಳೀತಿದೆ. ಕೈ ನಡುಗಿದ್ರೆ ಈ ಕೂದಲಿನಂಥ ಸ್ಪ್ರಿಂಗು ಹೋಯ್ತು ಅಂತ ತಿಳ್ಕೋ. ನೀನು ಸುಮ್ಮನೆ ಕೂರಬೇಡ. ನನ್ನನ್ನ ಎಚ್ಚರ ಇರಿಸು. ಮಾತಾಡು."

"ಏನು ಮಾತಾಡ್ಲಿ?"

"ಯಾರನ್ನಾದ್ರೂ ಬಯ್ಯಿ. ಬೈಗುಳ ಕೇಳ್ತಿದ್ರೆ ನನಗೆ ನಿದ್ದೆ ಬರಲ್ಲ."

ನನಗೆ ಬೈದು ಅಭ್ಯಾಸವಿಲ್ಲ. ಮೊದಲು ಈರಪ್ಪನಿಂದ ಶುರು ಮಾಡಿದೆ. ಮೂರೂವರೆಗೆ ನೀರು ಬಿಡುವವನ ಕೈಗೆ ಬೇರೆ ಕೆಲಸ ಸಿಗಲಿಲ್ಲವೇ ಎಂದೆ. "ಜೋರಾಗಿ" ಎಂದಳು ಜೈಬಕ್ಕ. ಬೀದಿಯ ಎಂಟು ಮನೆಯ ಕೊಡಗಳನ್ನು ಒಂದೊಂದಾಗಿ ಬೈದೆ, ತಾಮ್ರದ್ದು ಯಾರದು, ತೂತು ಬಿದ್ದದ್ದು ಯಾರದು ಎಂದು ಹೆಸರು ಹಿಡಿದು. ಎರಡು ದಿನ ಉಂಡ ಗುರುಪಾದಪ್ಪನನ್ನು ಬೈದೆ. ಏಳು ಗಂಟೆ ಏನು ಮಹಾ ಎಂದ ನಮ್ಮಪ್ಪನನ್ನು ಬೈದೆ. ಭಾವನ ನೂರು ಕೋಟಿ ವಾಚು, ಅರವತ್ತು ಪಾಲು, ಮಹಾಯುದ್ಧ ಎಲ್ಲಕ್ಕೂ ಸೇರಿಸಿ ಬೈದೆ. ಸೆಲ್ಲು ಇಟ್ಟ ಜಪಾನಿನವರನ್ನು, ಕೆಲಸ ಹೋದರೂ ಸುಮ್ಮನಿರದೆ ಎದ್ದು ನಿಂತ ಸ್ವಿಟ್ಜರ್ಲೆಂಡಿನವರನ್ನು, ಗಾಜು ಒಂದೂರಲ್ಲಿ ಮುಳ್ಳು ಒಂದೂರಲ್ಲಿ ಮಾಡುವ ಚೀನಾದವರನ್ನು ಬೈದೆ. ಪ್ರಪಂಚದವರಿಗೆಲ್ಲ ಹೊತ್ತು ಗೊತ್ತಾಗಲಿ ಎಂದು ಇಷ್ಟು ದೇಶದವರು ಇಷ್ಟು ಕಷ್ಟಪಟ್ಟು ನನ್ನ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಒಂದು ಹೊತ್ತು ಉಣ್ಣದ ಹಾಗೆ ಮಾಡಿದರಲ್ಲ ಎಂದು ಮೇಜು ಗುದ್ದಿದೆ.

"ಮೇಜು ಗುದ್ದಬೇಡ! ಸ್ಪ್ರಿಂಗು!" ಎಂದಳು ಜೈಬಕ್ಕ. "ಗಂಡನ್ನ ಇನ್ನೂ ಬೈದಿಲ್ಲ."

ಗಂಡನನ್ನು ಬೈದೆ. ಇನ್ನೂ ಎದ್ದಿದ್ದೀಯಾ ಎಂದು ಕೇಳುವುದಕ್ಕೆ ಬೈದೆ. ನ್ಯಾಯದ ಮಾತಾಡುವುದಕ್ಕೆ ಇನ್ನೂ ಜೋರಾಗಿ ಬೈದೆ. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಕೇಳಿ ಹೋದರು. ಕಣ್ಣು ಎಳೆಯತೊಡಗಿತ್ತು. ಆರು ದಾಟಿರಬೇಕು.

"ಇನ್ನು ಯಾರಿದ್ದಾರೆ?" ಎಂದಳು ಜೈಬಕ್ಕ. ಅವಳ ತಲೆಯೂ ತೂಗುತ್ತಿತ್ತು. "ಕೊನೇ ತಿರುಪು ಇದೆ. ಬೇಗ."

ಬೇರೆ ಯಾರೂ ಉಳಿದಿರಲಿಲ್ಲ. "ಮಗಳು ಏನು ನೋಡಿಲ್ಲ ಅಂತ ಹನ್ನೆರಡು ವರ್ಷದಲ್ಲಿ ಒಂದು ದಿನ ಕೇಳದೆ ಇದ್ದವಳನ್ನ ಏನಂತ ಬಯ್ಯೋದು ಜೈಬಕ್ಕ?" ಎಂದೆ.

ಅವಳು ತಿರುಪು ಬಿಗಿದಳು. ಕಣ್ಣಿನ ಗಾಜು ತೆಗೆದು ಮೇಜಿನ ಮೇಲಿಟ್ಟಳು. "ಅವಳನ್ನ ಬಯ್ಯಬೇಡ. ಅವಳು ವಾಪಸ್ ಬಂದ್ಲು" ಎಂದು ವಾಚನ್ನು ನನ್ನ ಅಂಗೈಯಲ್ಲಿ ಇಟ್ಟಳು. ಮನೆಗೆ ಹೇಗೆ ನಡೆದೆನೋ ನೆನಪಿಲ್ಲ. ಅತ್ತೆ ಬಾಗಿಲಲ್ಲೇ ನಿಂತಿದ್ದರು, ತೋಳು ಹಿಡಿದು ಒಳಗೆ ಕರೆದುಕೊಂಡರು ಎಂಬುದಷ್ಟೇ ಗೊತ್ತು.

ಭಾನುವಾರ ಎಲ್ಲರೂ ಎಚ್ಚರವಿರುವ ಹೊತ್ತು ನೋಡಿ ಹನ್ನೊಂದು ಗಂಟೆಗೆ ಕಟ್ಟಿದೆವು. ಬಕಲು ಹಾಕುವುದು ತಾಯಿಯೇ, ಅದು ಪದ್ಧತಿ. ಅವಳ ಮಣಿಕಟ್ಟು ಸಣ್ಣ, ಬೆಲ್ಟಿನ ಕೊನೆಯ ತೂತಿಗೂ ಸಡಿಲ. ದಬ್ಬಳ ಕಾಯಿಸಿ ಇನ್ನೊಂದು ತೂತು ಮಾಡಿದೆ. ಬಕಲು ಹಾಕಿದ ಮೇಲೂ ನಾನು ಅವಳ ಮಣಿಕಟ್ಟು ಬಿಡದ್ದನ್ನು ನೋಡಿ ಭಾವ, "ಸ್ವಿಸ್ ಅಂದ್ರೆ ಹಾಗೇ, ಕೈ ಬಿಡೋಕೆ ಮನಸ್ಸಾಗಲ್ಲ" ಎಂದರು. ಇವರು ಮಗಳ ಇನ್ನೊಂದು ಕೈಯನ್ನು ಹಿಡಿದುಕೊಂಡು ಕೂತಿದ್ದರು. ಆ ಮನುಷ್ಯ ಅಳುತ್ತಿದ್ದುದು ನನಗೆ ಮಾತ್ರ ಕಂಡಿತು.

ಹೊಸ ವಾಚಿಗೆ ಮೈ ಒಗ್ಗಲು ಮೂರು ದಿನ ಬೇಕು. ಆ ಮೂರು ದಿನ ಕುಮುದ ತಲೆ ತಿರುಗಿ ಮಲಗಿದ್ದಳು, ವೇಳೆಯಲ್ಲದ ವೇಳೆಗೆ ಹಸಿವು ಎನ್ನುತ್ತಿದ್ದಳು. ನಾನು ಏಳರ ಜೊತೆಗೆ ಎಂಟನೆಯ ಸಲ ಒಲೆ ಹಚ್ಚಿದೆ. ಗುರುವಾರ ಮೊದಲ ಸಲ ಪಡುವಣ ಪಾಳಿಗೆ ಹೋದಳು. ಅವತ್ತು ಅವಳು ಬರುವ ತನಕ ಎಚ್ಚರವಿರಲೇಬೇಕೆಂದು ಹಟ ಹಿಡಿದೆ. ಮುಖಕ್ಕೆ ತಣ್ಣೀರು ಹಾಕಿಕೊಂಡೆ. ಮೆಣಸಿನಕಾಳು ಅಗಿದೆ. ಕೂತರೆ ನಿದ್ದೆ ಬರುತ್ತದೆಂದು ನಿಂತುಕೊಂಡೇ ಅಕ್ಕಿ ಆರಿಸಿದೆ. ಅತ್ತೆ, "ಹೋಗಿ ಮಲಗು ಮಾರಾಯ್ತಿ, ನಾನಿಲ್ವಾ?" ಎಂದು ನಾಲ್ಕು ಸಲ ಹೇಳಿದರು. ಆರೂವರೆ ಆಯಿತು, ದಾಟಿ ಹತ್ತು ನಿಮಿಷವಾಯಿತು. ಮೊರ ನನ್ನ ಕೈಯಿಂದ ಜಾರಿದ್ದು ತಿಳಿಯಿತು, ಅಕ್ಕಿ ಚೆಲ್ಲಿದ ಸದ್ದು ಕೇಳಿತು, ಬಗ್ಗಿ ಎತ್ತಲು ಆಗಲಿಲ್ಲ. ಅಲ್ಲೇ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತುಬಿಟ್ಟೆ.

ಯಾರೋ ಓಡಿಬಂದು ಚೀಲ ಎಸೆದ ಸದ್ದು. ಕಣ್ಣು ತೆರೆಯಲು ಪ್ರಯತ್ನಪಟ್ಟೆ. ಒಂದು ಗೆರೆಯಷ್ಟು ತೆರೆದುಕೊಂಡಿತು. ಕುಮುದಳ ಮುಖ ಹತ್ತಿರದಲ್ಲಿತ್ತು, ಬೆವರಿತ್ತು.

"ಶಾಲೆ ಹೇಗಿತ್ತು?" ಎಂದು ಕೇಳಬೇಕೆಂದಿದ್ದೆ. ಬಾಯಿಂದ ಬೇರೇನೋ ಸದ್ದು ಬಂತು.

"ಅಮ್ಮ, ಇಲ್ಲಿ ಯಾಕೆ ಕೂತ್ಕೊಂಡೆ? ಏಳು, ಏಳು" ಎಂದು ನನ್ನ ಕಂಕುಳಿಗೆ ಕೈ ಕೊಟ್ಟಳು. ಇಷ್ಟು ವರ್ಷ ನಾನು ಅವಳನ್ನು ನಿದ್ದೆಯಲ್ಲಿ ನಡೆಸಿಕೊಂಡು ಹೋಗುತ್ತಿದ್ದ ಹಾಗೆಯೇ ನಡೆಸಿಕೊಂಡು ಹೋಗಿ ಹಾಸಿಗೆಯ ಮೇಲೆ ಮಲಗಿಸಿದಳು. ತಲೆ ಎತ್ತಿ ದಿಂಬು ಸರಿಮಾಡಿದಳು. ಹೊದಿಕೆಯನ್ನು ಕಾಲಿನ ಕೆಳಗೆ ಮಡಚಿ ಸಿಕ್ಕಿಸಿದಳು, ಇಲ್ಲದಿದ್ದರೆ ಚಳಿಯಾಗುತ್ತದೆಂದು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀದಿಯಿಂದ ಹುಡುಗಿಯರು ಅವಳ ಹೆಸರು ಹಿಡಿದು ಕೂಗುತ್ತಿದ್ದರು.

"ಬಂದೆ, ಒಂದು ನಿಮಿಷ! ಅಮ್ಮನ್ನ ಮಲಗಿಸಿ ಬರ್ತೀನಿ!" ಎಂದು ಕಿಟಕಿಯಿಂದ ಪಿಸುಮಾತಿನಲ್ಲೇ ಕೂಗಿದಳು. ಆಮೇಲೆ ಬಂದು ನನ್ನ ಹಣೆಯ ಮೇಲಿನ ಕೂದಲು ಸರಿಸಿ, ನನಗೆ ನಿಜವಾಗಿ ನಿದ್ದೆ ಬಂದಿದೆಯೋ ಇಲ್ಲವೋ ಎಂದು ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ನಾನು ಕಣ್ಣು ಮುಚ್ಚಿಕೊಂಡೆ, ಅವಳಿಗೆ ತಡವಾಗಬಾರದೆಂದು.